ನನ್ನ ಮೇಲೆ ಬಿದ್ದ ತಡೆ

ಹಾಲಮ್ಮ ನನ್ನನ್ನು ನೋಡಿ ನಕ್ಕ ದಿನ ನನ್ನ ಕೈಕಾಲು ತಣ್ಣಗಾದವು. ನಮ್ಮಿಬ್ಬರ ಮನೆಯ ನಡುವೆ ಒಂದು ಮೋರಿ ಇದೆ. ಅದನ್ನು ಯಾರು ಬಳಿಯಬೇಕು ಎಂಬ ಜಗಳ ನಾನು ಮದುವೆಯಾಗಿ ಈ ಊರಿಗೆ ಬಂದ ವರ್ಷ ಶುರುವಾದದ್ದು, ನನ್ನ ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದರೂ ಮುಗಿದಿರಲಿಲ್ಲ. ಮಗಳನ್ನು ಹೆತ್ತು, ಬಾಣಂತನ ಮುಗಿಸಿಕೊಂಡು ತವರಿನಿಂದ ವಾಪಸು ಬಂದ ದಿನ ಹಾಲಮ್ಮ ಕೂಸಿನ ಮುಖ ನೋಡುವ ಮೊದಲೇ ಮೋರಿಯ ಮಾತೆತ್ತಿದವಳು. ಅಂಥವಳು ಅವತ್ತು ಬೆಳಿಗ್ಗೆ ತಾನೇ ಪೊರಕೆ ಹಿಡಿದು ಮೋರಿ ಬಳಿದು, ನೀರು ಬಿಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತು, "ದಾಕ್ಷಾಯಣಮ್ಮ, ತಿಂಡಿ ಆಯ್ತಾ?" ಎಂದು ಕೇಳಿದಳು. ಕೇಳಿ ನಕ್ಕಳು.

ಬೇರೆ ಊರಲ್ಲಾಗಿದ್ದರೆ ಯಾರಾದರೂ ಸಂತೋಷಪಡುತ್ತಿದ್ದರೇನೋ. ನಮ್ಮ ಊರಲ್ಲಿ ಕೆಟ್ಟ ಸುದ್ದಿ ನೇರವಾಗಿ ಯಾರ ಮನೆಗೂ ಹೋಗುವುದಿಲ್ಲ. ಮೊದಲು ನೆಮ್ಮದಿ ಇಲಾಖೆಗೆ ಹೋಗುತ್ತದೆ. ಆ ಸುದ್ದಿ ಯಾರದೋ ಅವರು ಅದನ್ನು ಕೇಳಿ ತಾಳಿಕೊಂಡಾರೆಯೇ ಎಂದು ಅಲ್ಲಿಯವರು ಕೂತು ಯೋಚಿಸುತ್ತಾರೆ. ತಾಳಿಕೊಳ್ಳಲಾರರು ಎನಿಸಿದರೆ ತಡೆ ಹಾಕುತ್ತಾರೆ. ಆಮೇಲೆ ಇಲಾಖೆಯ ಹೆಂಗಸರು, ನೀಲಿ ಸೀರೆಯವರು, ಓಣಿಯ ಮನೆಮನೆಗೂ ಹೋಗಿ, ಆ ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ವಿಷಯ ತಿಳಿಸಿ, "ಪಾಪ, ಅವರ ಜೊತೆ ಚೆನ್ನಾಗಿರಿ" ಎಂದು ಹೇಳಿ ಬರುತ್ತಾರೆ. ಬಾಯಿ ಬಿಟ್ಟವರ ಮನೆಯ ನಲ್ಲಿ ಬಂದ್. ಇಲಾಖೆಯ ಸಿಟ್ಟು ಇಳಿಯುವವರೆಗೂ ಬಂದ್.

ಅದಕ್ಕೇ ನಮ್ಮೂರಲ್ಲಿ ಯಾರಾದರೂ ಅಕ್ಕರೆ ತೋರಿಸಿದರೆ ಜನಕ್ಕೆ ಭಯ. ತರಕಾರಿಯವಳು ಕೊಸರು ಎರಡು ಹಿಡಿ ಹೆಚ್ಚು ಹಾಕಿದರೆ, ಬಸ್ಸಿನಲ್ಲಿ ಗುರುತಿಲ್ಲದವನು ಎದ್ದು ಸೀಟು ಬಿಟ್ಟುಕೊಟ್ಟರೆ, ನಮ್ಮವರು ಬೆಚ್ಚಿಬೀಳುತ್ತಾರೆ. ಒಳ್ಳೆಯ ಮನಸ್ಸಿನವರು ಸ್ವಲ್ಪ ಸಿಡುಕಾಗಿ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಾರೆ. ನನ್ನ ಗಂಡ ಮರುಳಸಿದ್ದಪ್ಪ ಹಬ್ಬಕ್ಕೆ ಸೀರೆ ತಂದರೆ, "ಯಾರೂ ಸತ್ತಿಲ್ಲ, ಬರೀ ಹಬ್ಬಕ್ಕೆ" ಎಂದು ಹೇಳಿಯೇ ಕೈಗೆ ಕೊಡುವುದು.

ಹಾಲಮ್ಮ ನಕ್ಕಾಗ ನಾನು ಒಳಗೆ ಓಡಿದೆ. ಮಗಳು ಉಜ್ವಲಾ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದಳು. ಗಂಡ ಸೊಸೈಟಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದರು. ಇಬ್ಬರೂ ಕಣ್ಣ ಮುಂದಿದ್ದಾರೆ. ಹಾಗಾದರೆ ತಮ್ಮ. ಕೂಡಲೇ ತಮ್ಮನಿಗೆ ಫೋನ್ ಮಾಡಿದೆ. ಅವನು ನಿದ್ದೆಗಣ್ಣಲ್ಲಿ, "ಏನಕ್ಕಾ ಬೆಳಗಾಗೆದ್ದು?" ಎಂದು ಗೊಣಗಿದ. ಅವನ ಹೆಂಡತಿ, ಮಕ್ಕಳು, ದನ, ಕರು ಎಲ್ಲ ಚೆನ್ನಾಗಿದ್ದವು. ಅಪ್ಪ, ಅಮ್ಮ ಹೋಗಿ ಎಷ್ಟೋ ಕಾಲವಾಗಿತ್ತು. ಒಬ್ಬೊಬ್ಬರನ್ನೇ ನೆನೆಸಿಕೊಂಡು ಅವರು ಬದುಕಿದ್ದಾರೆ ಎಂದು ಖಾತ್ರಿ ಮಾಡಿಕೊಳ್ಳುತ್ತ ಹೋದೆ. ನನಗೆ ಬೇಕಾದವರೆಲ್ಲ ಮುಗಿದರು. ಯಾರೂ ಸತ್ತಿರಲಿಲ್ಲ.

ನನ್ನದು ಹಿಟ್ಟಿನ ಗಿರಣಿ. ಅತ್ತೆ ನಡೆಸುತ್ತಿದ್ದದ್ದು, ಅವರ ನಂತರ ನನ್ನ ಕೈಗೆ ಬಂತು. ಗಿರಣಿಗೆ ಬರುವವರು ಸುಮ್ಮನೆ ಬಂದು ಸುಮ್ಮನೆ ಹೋಗುವುದಿಲ್ಲ. ರಾಗಿಗೆ ಜೋಳ ಸೇರಿತು, ತರಿಯಾಯಿತು, ಹಿಟ್ಟು ಸುಟ್ಟ ವಾಸನೆ, ನನ್ನ ಸರದಿ ತಪ್ಪಿಸಿದೆ, ಹೀಗೆ ದಿನವಿಡೀ ಏನಾದರೊಂದು ಇರುತ್ತದೆ. ಅವತ್ತು ಒಬ್ಬರೂ ತುಟಿ ಬಿಚ್ಚಲಿಲ್ಲ. ಮಾರನೆಯ ದಿನವೂ ಇಲ್ಲ. ನನಗೆ ತಡೆಯಲಾಗಲಿಲ್ಲ. ಬೇಕೆಂದೇ ಒಣಮೆಣಸಿನಕಾಯಿ ಬೀಸಿದ ಮಿಷನ್ನಿಗೇ, ಒರೆಸದೆ, ಪಟೇಲರ ಮನೆಯ ಗೋಧಿ ಸುರಿದೆ. ಆ ಮನೆಯ ಸೊಸೆ ಹಿಟ್ಟಿನ ಡಬ್ಬ ಮುಚ್ಚುವಾಗ ಸೀನಿದಳು, ಕಣ್ಣಲ್ಲಿ ನೀರು ಸುರಿಸಿದಳು, ಮೂಗು ಒರೆಸಿಕೊಂಡು, "ಚೆನ್ನಾಗಿ ಬಂದಿದೆ ಕಣ್ರೀ, ನುಣ್ಣಗಿದೆ" ಎಂದಳು. ಸಣ್ಣಪುಟ್ಟ ಸುದ್ದಿಗೆ ಜನ ಇಷ್ಟೆಲ್ಲ ಸಹಿಸುವುದಿಲ್ಲ.

ಮನೆಯಲ್ಲೂ ವಿಚಿತ್ರಗಳು ನಡೆದಿದ್ದವು. ಗಂಡು ನೋಡುವ ಮಾತು ಎತ್ತಿದರೆ ತಟ್ಟೆ ಬಿಟ್ಟು ಏಳುತ್ತಿದ್ದ ಉಜ್ವಲಾ, ಹಿಂದಿನ ವಾರ ಒಂದು ಸಂಬಂಧಕ್ಕೆ, "ಆಗ್ಲಿ ಬಿಡಮ್ಮ" ಎಂದಿದ್ದಳು. ಅವಳ ಓದು ಇನ್ನೂ ಒಂದು ವರ್ಷ ಬಾಕಿ ಇತ್ತು. ಮಣ್ಣಿನ ಬಗ್ಗೆ ಏನೋ ಓದುತ್ತಿದ್ದಳು, ಅದು ಮುಗಿಸಿ ಇನ್ನೂ ಮುಂದೆ ಓದುವೆ ಎನ್ನುತ್ತಿದ್ದವಳು. ಗಂಡ ಪಂಚಾಂಗ ನೋಡಿಸಿ ಬರುವ ತಿಂಗಳೇ ಮುಹೂರ್ತ ಇಡಿಸಿದ್ದರು. ಇಷ್ಟು ಅವಸರ ಯಾಕೆ ಎಂದು ಕೇಳಿದರೆ, ಒಳ್ಳೆ ಮನೆತನ, ಕೈ ತಪ್ಪಿ ಹೋಗುತ್ತೆ ಎನ್ನುತ್ತಿದ್ದರು. ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ. ನನಗೆ ಹೊಟ್ಟೆನೋವಿತ್ತು, ದೊಡ್ಡಾಸ್ಪತ್ರೆಯಲ್ಲಿ ತೋರಿಸಿದ್ದೆವು, ಹೊಟ್ಟೆ ಒತ್ತಿ ನೋಡಿ, ಫೋಟೋ ತೆಗೆದು, ಗ್ಯಾಸು ಎಂದು ಪುಡಿ ಕೊಟ್ಟಿದ್ದರು. ಇದನ್ನೂ ಅದನ್ನೂ ಸೇರಿಸಿ ನೋಡುವ ಬುದ್ಧಿ ನನಗೆ ಬರಲೇ ಇಲ್ಲ. ತಡೆ ಎಂದರೆ ಬೇರೆ ಯಾರದೋ ಸಾವು ಎಂದೇ ನಮ್ಮೆಲ್ಲರ ತಲೆಯಲ್ಲಿ ಕೂತಿತ್ತು.

ಯಾರನ್ನು ಕೇಳಲಿ? ಪ್ರೀತಿಯವರು ಹೇಳುವುದಿಲ್ಲ. ಕೊನೆಗೆ, ನನ್ನ ಮೇಲೆ ನಿಜವಾಗಿ ಸಿಟ್ಟಿರುವ ಹಾಲಮ್ಮನ ಬಾಯಿಂದಲೇ ಹೊರಡಿಸಬೇಕು ಎಂದುಕೊಂಡೆ. ಬೆಳಿಗ್ಗೆ ಅವಳು ಅಂಗಳ ಸಾರಿಸಿ ರಂಗೋಲಿ ಇಟ್ಟು ಒಳಗೆ ಹೋದದ್ದೇ ತಡ, ಗಿರಣಿಯ ಹೊಟ್ಟು, ಕಸ, ಪಾತ್ರೆ ತೊಳೆದ ನೀರು ಎಲ್ಲವನ್ನೂ ಒಂದು ಬಕೆಟ್ಟಿಗೆ ತುಂಬಿ ಅವಳ ರಂಗೋಲಿಯ ಮೇಲೆ ಎರಚಿದೆ. ಹಾಲಮ್ಮ ಹೊರಗೆ ಬಂದಳು. ಅಂಗಳ ನೋಡಿದಳು. ಕತ್ತಿನ ನರ ಉಬ್ಬಿತು. ಆಮೇಲೆ ಎಂಜಲು ನುಂಗಿ, "ಇರ್ಲಿ ಬಿಡವ್ವ, ಕೈ ತಪ್ಪಿರಬೇಕು. ನಾನೇ ಗುಡಿಸ್ಕೋತೀನಿ" ಎಂದಳು.

"ಕೈ ತಪ್ಪಿಲ್ಲ. ಬೇಕೂಂತ ಎರಚಿದ್ದು" ಎಂದೆ.

"ಆಗ್ಲಿ ಬಿಡು."

"ಏನ್ ಆಗ್ಲಿ ಬಿಡು? ಯಾಕೆ ಬೈತಿಲ್ಲ ನೀನು? ಬಾಯಿಗೆ ಏನಾಗಿದೆ?"

ಅವಳು ಪೊರಕೆ ಎತ್ತಿಕೊಂಡು ಬಗ್ಗಿದಳು. ಆಗ ನಾನು ಆಡಬಾರದ ಮಾತು ಆಡಿದೆ. "ನಿನ್ನ ಗಂಡ ಬಿಟ್ಟು ಓಡಿಹೋಗಿದ್ದು ಸುಮ್ನೆ ಅಲ್ಲ ಕಣೇ. ಈ ಹೊಲಸಿನ ಜೊತೆ ಯಾವನು ಇರ್ತಾನೆ?" ಎಂದೆ. ನನ್ನ ಕಿವಿಗೇ ಅದು ಅಸಹ್ಯವಾಗಿ ಕೇಳಿಸಿತು.

ಹಾಲಮ್ಮ ಪೊರಕೆ ಬಿಸಾಡಿದಳು. "ಸಾಯೋಳು ಅಂತ ಸುಮ್ನಿದ್ರೆ ತಲೆ ಮೇಲೆ ಹತ್ತುತೀಯಾ? ಹೊಟ್ಟೇಲಿ ಅಷ್ಟು ದೊಡ್ಡ ಗಡ್ಡೆ ಇಟ್ಕೊಂಡು ನಿಂಗೆ ಇಷ್ಟು ಸೊಕ್ಕಾ? ಮುಂದಿನ ಯುಗಾದಿ ನೋಡ್ತೀಯೋ ಇಲ್ವೋ, ನನ್ನ ಗಂಡನ ಸುದ್ದಿ ನಿಂಗ್ಯಾಕೇ?"

ಎರಡೂ ಕೈಯಲ್ಲಿ ತನ್ನ ಬಾಯಿ ಮುಚ್ಚಿಕೊಂಡಳು. ಓಣಿಯ ಕಿಟಕಿಗಳಲ್ಲಿ ಮುಖಗಳು ಕಾಣಿಸಿಕೊಂಡು ಮರೆಯಾದವು. ಎಲ್ಲಿಯೋ ಒಂದು ಕುಕ್ಕರ್ ಕೂಗಿತು. ನಾನು ಆ ಕೊಳಕು ನೀರಿನಲ್ಲೇ ಕೂತುಬಿಟ್ಟೆ. ಇಡೀ ಓಣಿಗೆ ಗೊತ್ತಿತ್ತು. ಮೆಣಸಿನಕಾಯಿ ಹಿಟ್ಟು ಒಯ್ದವಳಿಗೆ ಗೊತ್ತಿತ್ತು. ಹಾಲಿನವನಿಗೆ, ಪೇಪರಿನವನಿಗೆ ಗೊತ್ತಿತ್ತು. ನನ್ನ ಹೊಟ್ಟೆಯೊಳಗೆ ಏನಿದೆ ಎಂದು ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಹಾಲಮ್ಮ ಬಂದು ನನ್ನ ಪಕ್ಕದಲ್ಲೇ, ಅದೇ ನೀರಿನಲ್ಲೇ ಕೂತಳು. "ನೀನೇ ಬಾಯಿ ಬಿಡಿಸ್ದೆ" ಎಂದಳು. ಅಳುತ್ತಿದ್ದಳು. ನಾನು ಅವಳ ಕೈ ಹಿಡಿದುಕೊಂಡು, ಇನ್ನೇನು ಹೇಳಿದರು, ಎಲ್ಲ ಹೇಳು ಎಂದೆ. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ನೀಲಿ ಸೀರೆಯವರು ಬಂದು, ಕೆಟ್ಟ ಗಡ್ಡೆ, ವರ್ಷ ತುಂಬುವುದು ಕಷ್ಟ, ಮೋರಿ ಜಗಳ ನಿಲ್ಲಿಸಿ ಎಂದು ಹೇಳಿಹೋಗಿದ್ದರಂತೆ.

ಮಧ್ಯಾಹ್ನದೊಳಗೆ ನೀಲಿ ಸೀರೆಯವರಲ್ಲಿ ಇಬ್ಬರು ಮತ್ತೆ ಬಂದರು. ಹಾಲಮ್ಮನ ನಲ್ಲಿಗೆ ಬೀಗ ಹಾಕಿ, ಅದರ ಮೇಲೆ ಅರಗಿನ ಮುದ್ರೆ ಇಟ್ಟು, ಕೈ ತೊಳೆದುಕೊಂಡು ನನ್ನ ಗಿರಣಿಗೆ ಬಂದರು. ಇಬ್ಬರೂ ಬಹಳ ಮೃದುವಾಗಿ ಮಾತಾಡಿದರು. "ಆ ಹೆಂಗಸಿಗೆ ತಲೆ ಸರಿ ಇಲ್ಲ ತಾಯಿ. ನಿಮಗೇನೂ ಆಗಿಲ್ಲ. ಮನಸ್ಸಿಗೆ ಹಚ್ಕೋಬೇಡಿ" ಎಂದರು.

"ತಲೆ ಸರಿ ಇಲ್ಲದೋಳ ನಲ್ಲಿ ಯಾಕೆ ಮುಚ್ಚಿದ್ರಿ?" ಎಂದೆ. ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು.

ಸಂಜೆ ಗಂಡ ಬರುವಷ್ಟರಲ್ಲಿ ಅವರಿಗೆ ವಿಷಯ ಮುಟ್ಟಿತ್ತು. ಚಪ್ಪಲಿ ಕಳಚದೆ ಹೊಸಿಲಲ್ಲೇ ನಿಂತರು. ನಾನು ಕೂಗಾಡಬೇಕು ಎಂದುಕೊಂಡಿದ್ದೆ. ಅವರ ಮುಖ ನೋಡಿ ಕೂಗು ಬರಲಿಲ್ಲ. ಒಂದೆರಡು ವಾರದಲ್ಲಿ ಆ ಮನುಷ್ಯ ಎಷ್ಟು ಇಳಿದುಹೋಗಿದ್ದರು ಎಂದು ಆಗ ಕಣ್ಣಿಗೆ ಬಿತ್ತು. "ಕೂತ್ಕೊಂಡು ಎಲ್ಲ ಹೇಳಿ" ಎಂದೆ. ಹೇಳಿದರು. ಡಾಕ್ಟರು ಎರಡು ದಾರಿ ಹೇಳಿದ್ದರಂತೆ. ಬಂದರಿನ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಬಹುದು, ಉಳಿದರೆ ಕೆಲವು ವರ್ಷ ಸಿಗಬಹುದು, ಉಳಿಯದಿದ್ದರೆ ಅಲ್ಲೇ ಮೇಜಿನ ಮೇಲೇ ಹೋಗಬಹುದು. ಇಲ್ಲವೆಂದರೆ ಸುಮ್ಮನೆ ಬಿಡುವುದು, ನೋವಿಗೆ ಪುಡಿ ಕೊಡುತ್ತ ಇರುವಷ್ಟು ದಿನ ಇಟ್ಟುಕೊಳ್ಳುವುದು. ಇಲಾಖೆಯವರು ಇವರನ್ನು ಕರೆಸಿ, ಕಾಫಿ ಕೊಟ್ಟು, ಯಾವುದು ಎಂದು ಕೇಳಿದ್ದಾರೆ. ಇವರು ಎರಡನೆಯದು ಎಂದು ಬಂದಿದ್ದಾರೆ.

"ನನ್ನನ್ನ ಯಾಕೆ ಕೇಳ್ಲಿಲ್ಲ?"

"ನಿನ್ನ ಕೇಳ್ಬೇಕಾದ್ರೆ ನಿನಗೆ ಹೇಳ್ಬೇಕಾಗ್ತಿತ್ತಲ್ಲ" ಎಂದರು. ಅದರಲ್ಲಿ ಏನೂ ಕುಟಿಲವಿರಲಿಲ್ಲ. ಅವರಿಗೆ ನಿಜಕ್ಕೂ ನನ್ನ ಪ್ರಶ್ನೆ ಅರ್ಥವಾಗಿರಲಿಲ್ಲ. "ನೀನು ಮೇಜಿನ ಮೇಲೆ ಹೋಗೋದು ನನ್ನ ಕೈಯಲ್ಲಿ ನೋಡೋಕೆ ಆಗಲ್ಲ ದಾಕ್ಷಾಯಣಿ. ನಗ್ತಾ ಇರು, ಗಿರಣಿ ನಡೆಸು, ಮಗಳ ಮದುವೆ ನೋಡು. ಇದ್ದಷ್ಟು ದಿನ ನೆಮ್ಮದಿಯಾಗಿರು ಅಂತ. ಅವ್ವ ಹೆಂಗೆ ನೆಮ್ಮದಿಯಾಗಿ ಹೋದ್ಲು ನೋಡು."

ಅವರ ಅವ್ವ, ನನ್ನ ಅತ್ತೆ. ಗಂಡನ ಅಣ್ಣ ದೂರದ ಊರಲ್ಲಿ ಲಾರಿಗೆ ಸಿಕ್ಕಿ ಹೋದಾಗ ಅತ್ತೆಯ ಮೇಲೆ ತಡೆ ಬಿದ್ದಿತ್ತು. ಹಿರಿಯ ಮಗ ಕೆಲಸದ ಮೇಲೆ ಹಡಗಿನಲ್ಲಿ ಹೋಗಿದ್ದಾನೆ ಎಂದು ಇಲಾಖೆಯವರು ಹೇಳಿ ನಂಬಿಸಿದ್ದರು. "ನೆಮ್ಮದಿಯಾಗಿ ಹೋಗ್ಲಿಲ್ಲ ರೀ" ಎಂದೆ. "ಕೊನೇ ದಿನ ಏನಂದ್ರು ನಿಮ್ಮವ್ವ? ಹಡಗು ಹತ್ತಿದವನಿಗೆ ಹೆತ್ತೋಳು ಬೇಡವಾದ್ಲು ಅಂದ್ರು. ಮಗ ಮರೆತ ಅಂದ್ಕೊಂಡು ಗೋಡೆ ಕಡೆ ತಿರುಗಿ ಹೋದ್ರು. ಸತ್ತ ಅಂತ ಗೊತ್ತಿದ್ರೆ ಅತ್ತು ಸಮಾಧಾನ ಮಾಡ್ಕೊಳ್ತಿದ್ರು. ಬೈಕೊಂಡು ಹೋದ್ರಲ್ಲ." ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಆ ಮನುಷ್ಯ ಹಾಗೆ ಬಿಕ್ಕಿ ಬಿಕ್ಕಿ ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಉಜ್ವಲಾ ನಡುಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಾನು ಅವಳ ಕಡೆ ತಿರುಗಿ, "ಆ ಹುಡುಗ ನಿನಗೆ ಒಪ್ಪಿಗೆಯಾ?" ಎಂದೆ. ಅವಳು ಅಪ್ಪನ ಕಡೆ ನೋಡಿದಳು. "ನಿಜ ಹೇಳು. ಇನ್ನು ಈ ಮನೇಲಿ ಯಾರೂ ನನ್ನ ಹತ್ರ ನಟನೆ ಮಾಡೋದು ಬೇಡ." ಆಗ ಅವಳು, "ನೀನು ನೋಡ್ಬೇಕು ಅಂತ ಅಪ್ಪ ಹೇಳಿದ್ರಮ್ಮ. ನಿಂಗೋಸ್ಕರ" ಎಂದಳು. ನನಗೆ ಗಡ್ಡೆಯ ಸುದ್ದಿಗಿಂತ ಇದು ಹೆಚ್ಚು ಗಾಬರಿ ಹುಟ್ಟಿಸಿತು. ನನ್ನದೇ ಸಾವನ್ನು ನನಗೆ ಗೊತ್ತಾಗದ ಹಾಗೆ ಬಳಸಿಕೊಂಡು ನನ್ನ ಮಗಳ ಓದು ಕಿತ್ತುಕೊಂಡಿದ್ದರು, ಅದೂ ನನ್ನ ಸಂತೋಷಕ್ಕೆಂದು. ನಾನು ಆ ಸಂತೋಷದಲ್ಲಿ ಎರಡು ದಿನ ಸೀರೆ ಅಂಗಡಿ ಸುತ್ತಿ ಬಂದಿದ್ದೆ. ಮರುದಿನವೇ ಗಂಡಿನ ಮನೆಗೆ ನಾನೇ ಹೋಗಿ, ಕೈ ಮುಗಿದು, ಮದುವೆ ಬೇಡ ಎಂದು ಹೇಳಿ ಬಂದೆ. ಅವರು ಸ್ವಲ್ಪವೂ ಸಿಟ್ಟಾಗಲಿಲ್ಲ. ಅವರಿಗೂ ಗೊತ್ತಿತ್ತು.

ನೆಮ್ಮದಿ ಇಲಾಖೆಯ ಅಧಿಕಾರಿ ವಾಮದೇವಯ್ಯನವರು ನನ್ನನ್ನು ಮೆತ್ತೆ ಹಾಕಿದ ಕುರ್ಚಿಯಲ್ಲಿ ಕೂರಿಸಿದರು. ಫ್ಯಾನು ಜೋರಾಗಿ ತಿರುಗುತ್ತಿದೆಯೇ, ಕಡಿಮೆ ಮಾಡಿಸಲೇ ಎಂದು ಕೇಳಿದರು. ಬಂದರಿನ ಊರಿನ ಆಸ್ಪತ್ರೆಗೆ ಕಳಿಸಿಕೊಡಿ, ಚಿಕಿತ್ಸೆಗೆಂದು ಊರು ಬಿಡಲು ನಿಮ್ಮ ಅಪ್ಪಣೆ ಬೇಕಂತೆ ಎಂದೆ.

"ಯಾತಕ್ಕೆ ತಾಯಿ?"

"ಗಡ್ಡೆ ತೆಗೆಸೋಕೆ."

"ಯಾವ ಗಡ್ಡೆ? ನಿಮಗೆ ಗ್ಯಾಸು. ಆರೋಗ್ಯವಾಗಿರೋರನ್ನ ಆಪರೇಷನ್ನಿಗೆ ಕಳಿಸೋಕೆ ಬರಲ್ಲವಲ್ಲ."

"ಸ್ವಾಮಿ, ನನಗೆ ಗೊತ್ತಾಗಿಹೋಗಿದೆ."

"ನಮ್ಮ ಲೆಕ್ಕದಲ್ಲಿ ನಿಮಗೆ ಗೊತ್ತಿಲ್ಲ" ಎಂದರು. ಬಹಳ ಸಂಕಟದಿಂದಲೇ ಹೇಳಿದರು. ಮುಂದಕ್ಕೆ ಬಾಗಿ ದನಿ ತಗ್ಗಿಸಿದರು. "ನಾನು ಈ ಊರಿಗೆ ಬರೋ ಮೊದಲು ಜನ ಸುದ್ದಿ ಕೇಳಿ ನಿಂತಲ್ಲೇ ಬಿದ್ದು ಹೋಗ್ತಿದ್ರು ತಾಯಿ. ಬಾವಿಗೆ ಹಾರ್ತಿದ್ರು. ಈಗ ಅಂಥದ್ದು ಒಂದೂ ಇಲ್ಲ. ನಾವು ನಿಮ್ಮಿಂದ ಕಿತ್ತುಕೊಂಡಿದ್ದು ಬರೀ ಹೆದರಿಕೆ. ಅದನ್ನ ಇಟ್ಕೊಂಡು ಏನ್ ಮಾಡ್ತೀರಿ?"

ಸುಳ್ಳು ಹೇಳುವುದಿಲ್ಲ, ಆ ಮಾತು ಕೇಳಿದಾಗ ಒಂದು ಗಳಿಗೆ ನನ್ನ ಮನಸ್ಸು ಅಲುಗಾಡಿತು. ಮೂರು ದಿನದಿಂದ ಅನ್ನ ಸೇರಿರಲಿಲ್ಲ. ಎಚ್ಚರವಾದ ಕೂಡಲೇ ಎದೆ ಡವಗುಟ್ಟುತ್ತಿತ್ತು. ಆದರೂ ಕೇಳಿದೆ. "ನಿಮ್ಮ ಮೇಲೇನಾದ್ರೂ ತಡೆ ಇದೆಯಾ ಸ್ವಾಮಿ?"

ನೀರಿನ ಲೋಟದ ಕಡೆ ಹೋಗಿದ್ದ ಅವರ ಕೈ ಅಲ್ಲೇ ನಿಂತಿತು. ಬಾಗಿಲ ಹತ್ತಿರ ನಿಂತಿದ್ದ ಜವಾನ ತಟ್ಟನೆ ಬೇರೆ ಕಡೆ ನೋಡಿದ. ಅವನು ನೋಡಿದ್ದನ್ನು ವಾಮದೇವಯ್ಯನವರು ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಪಾಪ ಅನಿಸಿತು. ಅವನು ಬರೀ ಬೇಸರಕ್ಕೆ ಆ ಕಡೆ ನೋಡಿದ್ದರೂ ನೋಡಿರಬಹುದು.

ನಾನೇ ಮಾತು ಮುಂದುವರಿಸಿದೆ. "ನಾನು ಆರೋಗ್ಯವಾಗಿದ್ದೀನಿ ಅಂತೀರಲ್ಲ, ಆರೋಗ್ಯವಾಗಿರೋಳು ಗಂಡನ ಜೊತೆ ಸಮುದ್ರ ನೋಡೋಕೆ ಹೋಗಬಹುದಾ?"

"ಧಾರಾಳವಾಗಿ" ಎಂದರು. ಅವರ ಗಮನ ಇನ್ನೂ ಜವಾನನ ಮೇಲೇ ಇತ್ತು. "ಸಂಜೆ ಗಾಳಿ ಜಾಸ್ತಿ. ಸ್ವೆಟರ್ ತಗೊಂಡು ಹೋಗಿ."

ಬಂದರಿನ ಊರಿನ ಆಸ್ಪತ್ರೆಯಲ್ಲಿ ನಮ್ಮನ್ನು ಯಾರೂ ಮಾತಾಡಿಸಲಿಲ್ಲ. ಸಾಲಿನಲ್ಲಿ ನಿಲ್ಲಿಸಿದರು, ಬೆಂಚಿನಿಂದ ಎಬ್ಬಿಸಿದರು, ಒಬ್ಬ ನರ್ಸು, "ಅಡ್ಡ ನಿಲ್ಬೇಡ್ರೀ" ಎಂದು ಗದರಿದಳು. ನನಗೆ ಅದು ಎಷ್ಟು ಹಿತವಾಗಿತ್ತೆಂದರೆ ಕಣ್ಣು ತುಂಬಿ ಬಂತು. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಹೊಸದಾಗಿ ತೆಗೆಸಿದ ಫೋಟೋ ಬೆಳಕಿಗೆ ಹಿಡಿದು, "ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ಬೈದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಹೊಟ್ಟೆಯ ಚಿತ್ರ ಬರೆದು, ಗಡ್ಡೆ ಎಲ್ಲಿದೆ, ಯಾವುದಕ್ಕೆ ಅಂಟಿದೆ, ಕೊಯ್ದರೆ ಏನಾಗಬಹುದು, ಕೊಯ್ಯದಿದ್ದರೆ ಏನಾಗುತ್ತದೆ ಎಂದು ಒಂದನ್ನೂ ಬಿಡದೆ ಹೇಳಿದರು. ಕೊನೆಗೆ, "ಏನ್ ಮಾಡೋಣ ಹೇಳಿ" ಎಂದರು.

ನಾನು ಹಿಂದೆ ತಿರುಗಿ ನೋಡಿದೆ, ಅವರು ಯಾರನ್ನು ಕೇಳುತ್ತಿದ್ದಾರೆ ಎಂದು. ನನ್ನ ಹಿಂದೆ ಗಂಡ ಇದ್ದರು. ಅವರೂ ತಮ್ಮ ಹಿಂದೆ ತಿರುಗಿ ನೋಡುತ್ತಿದ್ದರು. ಅಲ್ಲಿ ಗೋಡೆ ಇತ್ತು.

"ನಿಮ್ಮನ್ನೇ ಕೇಳಿದ್ದು" ಎಂದರು ಡಾಕ್ಟರು. "ನಾಳೆ ಹೇಳಿದ್ರೂ ಆಗುತ್ತೆ. ಯೋಚ್ನೆ ಮಾಡಿ."

ಆ ದಿನ ಮಧ್ಯಾಹ್ನವೆಲ್ಲ ಸಮುದ್ರದ ಮುಂದೆ ಕೂತಿದ್ದೆ. ನಾವು ನಿಜವಾಗಿಯೂ ಸಮುದ್ರ ನೋಡಿದೆವು. ನನಗೆ ಹಿಂದೆಂದೂ ಆಗದಷ್ಟು ಭಯವಾಗಿತ್ತು. ಬೇಡ ಎಂದು ಎದ್ದು ಊರಿಗೆ ಹೋಗಿಬಿಡಬಹುದಿತ್ತು, ಡಾಕ್ಟರು ತಡೆಯುತ್ತಿರಲಿಲ್ಲ. ಗಂಡ ಕಡಲೆಕಾಯಿ ಪೊಟ್ಟಣ ಹಿಡಿದು ಪಕ್ಕದಲ್ಲಿದ್ದರು, ಒಂದನ್ನೂ ಸುಲಿದಿರಲಿಲ್ಲ. "ನಾನೇನಾದ್ರೂ ಹೇಳಬಹುದಾ?" ಎಂದರು. ಅಷ್ಟು ವರ್ಷದ ಸಂಸಾರದಲ್ಲಿ ಹಾಗೆ ಕೇಳಿದ್ದು ಅದೇ ಮೊದಲು. ಹೇಳಿ ಎಂದೆ. "ನನಗೆ ಬೇಡ ಅನ್ಸುತ್ತೆ. ಆದ್ರೆ ಹೊಟ್ಟೆ ನಿಂದು" ಎಂದರು. ಅಷ್ಟು ಹೇಳಿ ಪೊಟ್ಟಣವನ್ನು ನನ್ನ ಕೈಗಿಟ್ಟರು.

ಮರುದಿನ ಹೋಗಿ, ಮಾಡಿ ಎಂದೆ.

ಎಚ್ಚರವಾದಾಗ ಹೊಟ್ಟೆಯಲ್ಲಿ ಬೆಂಕಿ ಇಟ್ಟ ಹಾಗಿತ್ತು. ಗದರಿದ್ದ ನರ್ಸೇ ಪಕ್ಕದಲ್ಲಿದ್ದಳು. ನೋಯ್ತಿದೆ ಎಂದೆ. "ನೋಯುತ್ತೆ. ನಾಳೆ ಇನ್ನೂ ಜಾಸ್ತಿ ನೋಯುತ್ತೆ" ಎಂದಳು. ನನಗೆ ನಗು ಬಂತು, ನಕ್ಕು ಹೊಲಿಗೆ ಜಗ್ಗಿ ಕಿರುಚಿಕೊಂಡೆ. ಮೂರನೆಯ ದಿನ ಡಾಕ್ಟರು ಬಂದು ಹೇಳಿದರು. ಗಡ್ಡೆಯ ಹೆಚ್ಚಿನ ಭಾಗ ತೆಗೆದಿದ್ದಾರೆ, ಸ್ವಲ್ಪ ಉಳಿದಿದೆ, ಅದು ತೆಗೆಯಲು ಬರುವಂಥದ್ದಲ್ಲ. ನೀವು ಎರಡು ವರ್ಷ ಇರಬಹುದು, ಐದೂ ಇರಬಹುದು, ನನಗೆ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎನ್ನುವ ಮಾತನ್ನು ನಮ್ಮೂರಿನ ಯಾವ ಅಧಿಕಾರಿಯ ಬಾಯಲ್ಲೂ ನಾನು ಕೇಳಿರಲಿಲ್ಲ.

ಊರಿಗೆ ಬಂದಾಗ ಬಸ್ ನಿಲ್ದಾಣದಲ್ಲೇ ನೀಲಿ ಸೀರೆಯವರು ಸಕ್ಕರೆ ಹಂಚುತ್ತಿದ್ದರು. ಗಿರಣಿಯ ದಾಕ್ಷಾಯಣಮ್ಮ ಪೂರ್ತಿ ಗುಣವಾಗಿ ಬಂದಿದ್ದಾರೆ ಎಂದು ಇಲಾಖೆ ಸಾರಿತ್ತು. ಒಬ್ಬಳು ನನ್ನ ಬಾಯಿಗೂ ಸಕ್ಕರೆ ಹಾಕಲು ಬಂದಳು. "ಪೂರ್ತಿ ಗುಣ ಆಗಿಲ್ಲ. ಸ್ವಲ್ಪ ಉಳಿದಿದೆ" ಎಂದೆ. ಅವಳು ಗಾಬರಿಯಾಗಿ ಆಚೆ ಈಚೆ ನೋಡಿ, "ಹಾಗನ್ಬೇಡಿ ತಾಯಿ, ಜನಕ್ಕೆ ಬೇಜಾರಾಗುತ್ತೆ" ಎಂದಳು. ನಾನು ಸುಮ್ಮನಿರಲಿಲ್ಲ. ಗಿರಣಿಗೆ ಬಂದವರು ಹೇಗಿದ್ದೀರಿ ಎಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ವಾರ ಕಳೆಯುವುದರೊಳಗೆ ಬಂದು ನನ್ನ ಮನೆಯ ನಲ್ಲಿಗೂ ಅರಗು ಇಟ್ಟರು. ತಡೆ ಇರುವ ಸುದ್ದಿ ಹೊರಗೆ ಹಾಕಿದ್ದಕ್ಕೆ ಎಂದರು. "ಇದು ನನ್ನ ಸುದ್ದಿ ಕಣ್ರೀ, ನನ್ನ ಹೊಟ್ಟೆಯದು" ಎಂದೆ. "ಯಾರದ್ದಾದ್ರೂ ನಿಯಮ ಒಂದೇ ತಾಯಿ" ಎಂದರು. ನಾನು ಬಾಗಿಲಲ್ಲಿ ನಿಂತು ಬಾಯಿ ತೆರೆದುಕೊಂಡು ನೋಡುತ್ತಿದ್ದೆ.

ಈಗ ನಮ್ಮ ಮನೆಗೂ ಹಾಲಮ್ಮನ ಮನೆಗೂ ನೀರಿಲ್ಲ. ನನ್ನ ಗಂಡ ಬೆಳಿಗ್ಗೆ ಎದ್ದು ಊರ ಹೊರಗಿನ ಬಾವಿಯಿಂದ ಎರಡೂ ಮನೆಗೆ ಸೈಕಲ್ಲಿನಲ್ಲಿ ನೀರು ತರುತ್ತಾರೆ. ಉಜ್ವಲಾ ಕಾಲೇಜಿಗೆ ಹೋಗುತ್ತಿದ್ದಾಳೆ. ನೋವು ಬಂದ ದಿನ ನನಗೆ ನೋವು ಎನ್ನುತ್ತೇನೆ, ಅವಳು ಅಳು ಬಂದ ದಿನ ಅಳುತ್ತಾಳೆ. ಹಾಲಮ್ಮನ ಕಾಲಿಗೆ ಬಿದ್ದು ಆ ದಿನದ ಮಾತಿಗೆ ಕ್ಷಮೆ ಕೇಳಿದೆ. ಅವಳು ಕ್ಷಮಿಸಲಿಲ್ಲ, ಅದನ್ನು ಮುಚ್ಚಿಡದೆ ಹೇಳಿದಳು ಕೂಡ.

ಮೊನ್ನೆ ಮಧ್ಯಾಹ್ನ ಗಿರಣಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಅಂಚೆ ಕಚೇರಿ ಓಣಿಯ ಸರ್ವಮಂಗಳಾ ಜೋಳದ ಚೀಲ ಹಿಡಿದುಕೊಂಡು ಬಂದಳು. ಇನ್ನೂ ಚಿಕ್ಕವಳು, ಮದುವೆಯಾಗಿ ಎರಡು ವರ್ಷ ಆಗಿದ್ದೀತು. ಗಂಡ ಬೆಟ್ಟದಾಚೆಯ ಕಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದ. ಸಂಕ್ರಾಂತಿಯ ಹೊತ್ತಿಗೆ ನೀಲಿ ಸೀರೆಯವರು ಊರಿನ ಎಲ್ಲ ಅಂಗಡಿಗಳಿಗೂ ಬಂದು ಗಣಿ ಕುಸಿದ ಸುದ್ದಿ ಹೇಳಿ, ಅವಳ ಜೊತೆ ಚೆನ್ನಾಗಿರಿ ಎಂದು ಹೋಗಿದ್ದರು, ನನಗೂ ಹೇಳಿದ್ದರು. ಹಣೆಯ ತುಂಬ ಕುಂಕುಮ ಇಟ್ಟುಕೊಂಡಿದ್ದಳು. ಚೀಲ ಇಳಿಸಲಿಲ್ಲ. ಮಿಷನ್ನಿನ ಸದ್ದಿನಲ್ಲಿ ಅವಳು ಏನೋ ಅಂದದ್ದು ನನಗೆ ಕೇಳಿಸಲಿಲ್ಲ. ಏನು ಎಂದು ಕೈಯಲ್ಲೇ ಕೇಳಿದೆ.

ಹತ್ತಿರ ಬಂದು ಕಿವಿಯ ಬಳಿ ಹೇಳಿದಳು. "ನನ್ನ ಎಲ್ರೂ ತುಂಬಾ ಚೆನ್ನಾಗಿ ಮಾತಾಡಿಸ್ತಾರೆ ಅಕ್ಕ."

ನಾನು ಮಿಷನ್ ಆರಿಸಿದೆ. ಮಿಷನ್ನಿನ ಬೆಲ್ಟು ನಿಧಾನವಾಗಿ ನಿಂತಿತು. ಹೊರಗೆ ಬಿಸಿಲಿತ್ತು, ಓಣಿಯಲ್ಲಿ ಯಾರೂ ಇರಲಿಲ್ಲ. "ನಿನಗೆ ಏನು ಬೇಕು ಸರ್ವಮಂಗಳಾ?" ಎಂದೆ. "ಸರಿಯಾಗಿ ಯೋಚ್ನೆ ಮಾಡಿ ಹೇಳು. ಕೇಳಿದ ಮೇಲೆ ಕೇಳದೆ ಇದ್ದ ಹಾಗೆ ಇರೋಕೆ ಬರಲ್ಲ. ಬೇಡ ಅಂದ್ರೆ ಜೋಳ ಬೀಸಿ ಕೊಡ್ತೀನಿ, ತಗೊಂಡು ಹೋಗು. ನಾನು ನಿನ್ನ ಒಂದು ಮಾತೂ ಅನ್ನಲ್ಲ."

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಆಮೇಲೆ ಚೀಲವನ್ನು ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೇಳಿ" ಎಂದಳು.

ಒಳಗಿನಿಂದ ಸ್ಟೂಲು ತಂದು ಹಾಕಿ, ಕೂತ್ಕೋ ಎಂದೆ.

"ಇಲ್ಲಕ್ಕ, ನಿಂತೇ ಕೇಳ್ತೀನಿ."

ಹೇಳಿದೆ.